ಹೆಬ್ಬೆರಳಿನ ಸರದಿ

ಅಮೀರ್‌ಪೇಟ್‌ನ ನಮ್ಮ ಮಹಿಳಾ ಹಾಸ್ಟೆಲ್ಲಿನ ಉಕ್ಕಿನ ಬಾಗಿಲು ಹೊರಗೆ ಹೋಗಲೂ ಹೆಬ್ಬೆರಳ ಗುರುತು ಕೇಳುತ್ತಿತ್ತು; ಆ ಬೆಳಿಗ್ಗೆ ಯಾರ ಹೆಬ್ಬೆರಳಿಗೂ ತೆರೆಯಲಿಲ್ಲ. ಹುಡುಗಿಯರು ಕದ್ದು ಹೋಗುತ್ತಾರೆಂದು ಮಾಲೀಕರು ತುರ್ತು ಗುಂಡಿಯನ್ನು ಎಂದೋ ತೆಗೆಸಿದ್ದರು. ಕಿಟಕಿಗಳಿಗೆಲ್ಲ ಸರಳು. ಮಾಲೀಕರು ವಿಮಾನದಲ್ಲಿದ್ದರು, ಫೋನು ಬಂದ್ ಆಗಿತ್ತು.

ಹತ್ತು ಗಂಟೆಗೆ ಸನತ್‌ನಗರದ ಕಾರ್ಖಾನೆಯೊಂದರಲ್ಲಿ ಶೈಲಾಳ ಸಂದರ್ಶನ. ಹಿಂದಿನ ರಾತ್ರಿಯಷ್ಟೇ ಯಾದಗಿರಿಯಿಂದ ಬಂದವಳು. ವಾರ್ಡನ್ ಆದ ನಾನೇ ರಾತ್ರಿ ಅವಳ ಹೆಸರನ್ನೂ ಹೆಬ್ಬೆರಳ ಗುರುತನ್ನೂ ಕಂಪ್ಯೂಟರಿಗೆ ಸೇರಿಸಿದ್ದೆ.

“ಅಜ್ಜೀ, ತಡ ಆದ್ರ ಗೇಟಿನ್ಯಾಗ ಬಿಡೂದಿಲ್ಲಂತರಿ,” ಎಂದು ಶೈಲಾ ನನಗೆ ಹೇಳಿದಳು.

ಅಡುಗೆಯ ಸುಗಲಮ್ಮ ಅವಳ ಕೈಗೆ ಸುತ್ತಿದ ರೊಟ್ಟಿ ಇಟ್ಟಳು. “ತಿನ್ನವ್ವಾ. ಈ ಹುಡುಗ್ಯಾರು ದಿನಾ ಹೊಂಟ್ರ ಸಾಕು ಅಂತಿದ್ದೆ. ಇವತ್ತ ಮಧ್ಯಾಹ್ನದ ಅಕ್ಕಿನೂ ಇಡಬೇಕಾಗತೈತಿ, ನೋಡು.”

ಮೈಸೂರಿನ ಪೂರ್ವಿ ಸಾಫ್ಟ್‌ವೇರ್ ಕೆಲಸದವಳು. ಮಾಲೀಕರು ಕೇಳಿದರೆಂದು, ಬಾಗಿಲಿನ ಮಾಹಿತಿಯನ್ನೆಲ್ಲ ಹಿಂದಿನ ಸಂಜೆ ಅವರ ಮನೆಯ ಹೊಸ ಕಂಪ್ಯೂಟರಿಗೆ ಸಾಗಿಸಿದ್ದಳು.

“ತಪ್ಪು ನಂದೇ ಅಜ್ಜಿ,” ಎಂದಳು. “ಹೋಗಿಬಂದವರ ದಾಖಲೆಗಳು ಬಂದ್ವು. ಪ್ರತಿ ಸಲ ಒತ್ತಿದಾಗ ಕೊಡೋ ಮುಂದಿನ ನಂಬರ್ ಎಷ್ಟು ಅನ್ನೋದು ಬರ್ಲಿಲ್ಲ. ಮತ್ತೆ ಒಂದರಿಂದ ಕೊಡ್ತಿದೆ. ಆ ನಂಬರ್ ಆಗಲೇ ಇರೋದ್ರಿಂದ ದಾಖಲಾಗಲ್ಲ. ದಾಖಲಾಗದೆ ಬಾಗಿಲು ತೆಗೆಯಲ್ಲ.”

“ಇಲ್ಲಿಂದ ಸರಿ ಮಾಡೋಕಾಗಲ್ವೇ?” ಎಂದೆ.

“ಪಾಸ್‌ವರ್ಡ್ ಮಾಲೀಕರ ಹತ್ರಾನೇ ಇದೆ.”

ಪರದೆಯ ಮೇಲೆ ‘17 ಈಗಾಗಲೇ ಇದೆ’ ಎಂದಿತ್ತು. ಯಾರೋ ಸಿಟ್ಟಿನಿಂದ ಒತ್ತಿದರು. ‘18 ಈಗಾಗಲೇ ಇದೆ.’

“ಹಳೆಯ ದಾಖಲೆ ಎಲ್ಲೀವರೆಗಿದೆ, ಪೂರ್ವಿ?”

“ಮುನ್ನೂರ ಹನ್ನೆರಡು…” ಎಂದವಳು ಪರದೆಯನ್ನೇ ನೋಡಿದಳು. ಬಾಗಿಲು ತೆರೆಯದಿದ್ದರೂ ಪ್ರತಿ ಸಲ ಒತ್ತಿದಾಗ ಒಂದು ನಂಬರ್ ಖರ್ಚಾಗುತ್ತಿತ್ತು. ಮುನ್ನೂರ ಹದಿಮೂರು ಬಂದರೆ ಬಾಗಿಲು ತೆರೆಯಬೇಕು.

ಸಾಲು ತಾನಾಗಿ ಕಟ್ಟಿತು. ಒತ್ತುವುದು, ಹಿಂದೆ ಹೋಗಿ ನಿಲ್ಲುವುದು, ಮತ್ತೆ ಬಂದು ಒತ್ತುವುದು. ಗಾಳಿಯಿಲ್ಲದ ಆ ಸಣ್ಣ ಪಡಸಾಲೆಯಲ್ಲಿ ಎಲ್ಲರ ಬೆವರೂ ಒಂದಾಯಿತು. ಒಬ್ಬಳು ಆಗಾಗ ದುಪಟ್ಟಾದಿಂದ ಯಂತ್ರದ ಗಾಜು ಒರೆಸಿದಳು. ಶೈಲಾ ಗಡಿಯಾರದಿಂದ ಕಣ್ಣು ಕೀಳಲಿಲ್ಲ.

‘312 ಈಗಾಗಲೇ ಇದೆ.’

ಮುಂದಿನ ಸರದಿ ಯಾರದಾಗಿತ್ತೋ, ಎಲ್ಲರೂ ಸೇರಿ ಶೈಲಾಳನ್ನು ಮುಂದೆ ತಳ್ಳಿದರು. ಅವಳು ಒತ್ತಿದಳು. ಕೆಂಪು ದೀಪ. ‘ಅನುಮತಿ: ಖಾಲಿ.’

“ಅಯ್ಯೋ, ಹೊಸಬರ ಹೆಸರು ಸೇರಿಸಿದ್ರೆ ಅನುಮತಿ ‘ಇದೆ’ ಅಂತ ಹಳೇದ್ರಲ್ಲಿ ತಾನಾಗೇ ತುಂಬ್ಕೊಳ್ತಿತ್ತು,” ಪೂರ್ವಿಯ ದನಿ ಇಳಿಯಿತು. “ಅದೂ ಬಂದಿಲ್ಲ.”

ಶೈಲಾ ಕೈ ಹಿಂದಕ್ಕೆಳೆದುಕೊಂಡಳು, ತಪ್ಪು ತನ್ನದೇ ಎಂಬಂತೆ.

ಪೂರ್ವಿ ತನ್ನ ಹೆಬ್ಬೆರಳು ಒತ್ತಿದಳು. ಬಾಗಿಲು ತೆರೆಯಿತು. ಅವಳು ಹೊರಗೆ ಹೋಗದೆ ಅದಕ್ಕೆ ಬೆನ್ನು ಕೊಟ್ಟು ನಿಂತಳು. “ನೀ ಹೋಗು ಮೊದಲು.”

ಶೈಲಾ ರೊಟ್ಟಿ ಹಿಡಿದುಕೊಂಡೇ ಮೆಟ್ರೋ ಮೆಟ್ಟಿಲಿನ ಕಡೆ ಓಡಿದಳು. ‘ಬಾಗಿಲು ಮುಚ್ಚಿ’ ಎಂದು ಯಂತ್ರ ಕೂಗುತ್ತಲೇ ಇತ್ತು. ಕೊನೆಯವಳು ಹೊರಬೀಳುವವರೆಗೂ ಪೂರ್ವಿ ಬೆನ್ನು ಸರಿಸಲಿಲ್ಲ.