ಕೈಗುಣ

"ನಿಮಗೇನು ತಲೆ ಕೆಟ್ಟಿದೆಯಾ ಡ್ರೈವರೇ? ಇನ್ನರ್ಧ ಗಂಟೇಲಿ ಅವರನ್ನ ಹೊತ್ಕೊಂಡು ಇಳೀಬೇಕು, ಈಗ ಮೆಟ್ಟಿಲು ಒದ್ದೆ ಮಾಡ್ತಿದೀರಲ್ಲ! ಹೊತ್ತವರು ಜಾರಿದ್ರೆ?"

ಕೇಳಿದವಳು ಒಂದನೇ ಅಂತಸ್ತಿನ ಟೈಲರಕ್ಕ. ಮೂರನೇ ಅಂತಸ್ತಿನ ನಿವೃತ್ತ ಬಸ್ ಡ್ರೈವರ್ ಬಗ್ಗಿದ ಸೊಂಟ ಎತ್ತದೆ ಮುಂದಿನ ಮೆಟ್ಟಿಲಿಗೆ ಇಳಿದ.

"ಒಣಗುತ್ತೆ ಬಿಡು. ಇಪ್ಪತ್ತೆರಡು ವರ್ಷ ಈ ಮೆಟ್ಟಿಲು ತೊಳೆದವ್ಳು. ಹೊಲಸು ಮೆಟ್ಟಿಲ ಮೇಲೆ ಅವಳನ್ನ ಇಳಿಸಿದ್ರೆ ಎದ್ದು ಕೂತು ಬೈತಾಳೆ."

ನಾಲ್ಕನೇ ಅಂತಸ್ತಿನ ಬಾಗಿಲಲ್ಲಿ ನಿಂತಿದ್ದ ಮಗಳಿಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ನಿನ್ನೆ ಮಧ್ಯಾಹ್ನ ಅಮ್ಮ ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟಿದ್ದಳು. ಬಂದವರಿಗೆಲ್ಲ ಅದನ್ನೇ ಹೇಳಿ ಹೇಳಿ ಇವಳ ಬಾಯಿ ಬತ್ತಿತ್ತು. ಸಾವಿನ ಮನೆಯಲ್ಲಿ ಅಳುವುದಕ್ಕಿಂತ ಉತ್ತರ ಕೊಡುವ ಕೆಲಸವೇ ಹೆಚ್ಚು.

ಸುಮ್ಮನೆ ಡ್ರೈವರ್‌ನ ಕೈ ನೋಡುತ್ತ ನಿಂತಳು. ಬಟ್ಟೆಯನ್ನು ಅವನು ಥೇಟ್ ಅಮ್ಮನ ಹಾಗೆ ಎಡಕ್ಕೆ ತಿರುಚಿ ಹಿಂಡಿದ. ತಿರುವಿಗೆ ಬಂದವನು ನೀರಿನ ಪೈಪಿನ ಹಿಂದೆ ಕೈಹಾಕಿ, ತುಕ್ಕು ಹಿಡಿದ ಹೇರ್‌ಪಿನ್ ತೆಗೆದು, ಮೂಲೆಯ ಕೊಳೆ ಕೆರೆದು, ಮತ್ತೆ ಅಲ್ಲೇ ಸಿಕ್ಕಿಸಿದ. ಅಮ್ಮ ಪ್ರತಿ ತಿರುವಿನಲ್ಲೂ ಹೀಗೆ ಒಂದೊಂದು ಪಿನ್ ಇಟ್ಟಿದ್ದಳು. ಅದು ಅಮ್ಮನಿಗೂ ತನಗೂ ಮಾತ್ರ ಗೊತ್ತು ಎಂದುಕೊಂಡಿದ್ದಳು ಮಗಳು.

"ಮಾಮ, ಇದೆಲ್ಲ ನಿಮಗೆ ಹೇಗೆ ಗೊತ್ತು?"

ಡ್ರೈವರ್ ಟೈಲರಕ್ಕನ ಮುಖ ನೋಡಿದ. ಟೈಲರಕ್ಕ ಗೋಡೆ ನೋಡಿದಳು.

"ಏನೋ... ನೋಡಿ ನೋಡಿ," ಅಂದ ಡ್ರೈವರ್.

*

ಮಗಳಿಗೆ ಮಂಡಿನೋವಿನ ಕ್ಲಿನಿಕ್ಕಿನಲ್ಲಿ ಕೆಲಸ. ರೋಗಿಯ ತೋಳಿನಿಂದ ರಕ್ತ ತೆಗೆಯಬೇಕು, ಯಂತ್ರದಲ್ಲಿಟ್ಟು ಗಿರಗಿರನೆ ತಿರುಗಿಸಬೇಕು, ಗಾಯ ಮಾಯಿಸುವ ಪ್ಲೇಟ್‌ಲೆಟ್ ತುಂಬಿದ ಹಳದಿ ಪ್ಲಾಸ್ಮಾವನ್ನು ಸಿರಿಂಜಿಗೆ ಎಳೆದು ಡಾಕ್ಟರ ಕೈಗೆ ಕೊಡಬೇಕು. ಅವರು ಅದನ್ನು ಅದೇ ರೋಗಿಯ ಸವೆದ ಮಂಡಿಗೆ ಚುಚ್ಚುತ್ತಾರೆ. ತಿರುಗಿ ನಿಂತ ಕೊಳವೆಯಲ್ಲಿ ಕೆಳಗೆ ಕೆಂಪು, ಮೇಲೆ ಹಳದಿ, ನಡುವೆ ಹಾಲಿನ ಕೆನೆಯಷ್ಟು ತೆಳ್ಳಗೆ ಒಂದು ಬಿಳಿ ಪದರ. ಬಿಳಿಯಲ್ಲಿರುವುದು ದೇಹವನ್ನು ಕಾಯುವ ಕಣಗಳು. ಅವು ಮಂಡಿಯೊಳಗೆ ಹೋದರೆ ಊತ ಎಬ್ಬಿಸಿಯಾವು, ಸೂಜಿಯನ್ನು ಬಿಳಿಗೆ ತಾಗಿಸಬೇಡ ಎಂಬುದು ಡಾಕ್ಟರು ಮೊದಲ ದಿನವೇ ಹೇಳಿಕೊಟ್ಟ ಪಾಠ.

ಮೂರು ವರ್ಷದ ಹಿಂದೆ ಅಮ್ಮನ ಮಂಡಿಗಳು ಕೈಕೊಟ್ಟಾಗ ಇವಳೇ ಹಟ ಮಾಡಿ ಕರೆದುಕೊಂಡು ಹೋದಳು. ಯಾರ ರಕ್ತದ ಮುಂದೆಯೂ ನಡುಗದ ಕೈ ಅಮ್ಮನ ರಕ್ತದ ಮುಂದೆ ನಡುಗಿತು. ಬಿಳಿಯ ಒಂದು ಎಳೆ ಸಿರಿಂಜಿಗೆ ಬಂದೇಬಿಟ್ಟಿತು. ಆಗಲೇ ಹೇಳಬೇಕಿತ್ತು. ಹೇಳಿದರೆ, ಸೂಜಿ ಕಂಡರೆ ಮುಖ ತಿರುಗಿಸುವ ಅಮ್ಮನಿಗೆ ಇನ್ನೊಮ್ಮೆ ಚುಚ್ಚಬೇಕು. ಹೇಳದೆ ಸಿರಿಂಜನ್ನು ಡಾಕ್ಟರ ಕೈಗೆ ಕೊಟ್ಟಳು.

ಎಂಟು ದಿನ ಮಂಡಿ ಊದಿಕೊಂಡೇ ಇತ್ತು. ಒಂಬತ್ತನೇ ದಿನ ಸಂಜೆ ಇವಳು ಕೆಲಸದಿಂದ ಬಂದರೆ ಅಮ್ಮ ಕೆಳಗಿನ ಮೆಟ್ಟಿಲ ಹತ್ತಿರ ಬಕೆಟ್ ಹಿಡಿದು ನಿಂತಿದ್ದಾಳೆ! ಕೈಯೆಲ್ಲ ಒದ್ದೆ, ಮೈಯೆಲ್ಲ ಫಿನಾಯಿಲ್ ವಾಸನೆ.

"ನೋಡೇ, ನಾಲ್ಕು ಅಂತಸ್ತೂ ಮುಗಿಸ್ದೆ. ನಿನ್ನ ಕೈಗುಣ ಕಣೇ!"

ಅವತ್ತಿನಿಂದ ದಿನಾ ಸಂಜೆ ಇಬ್ಬರೂ ಒಟ್ಟಿಗೆ ಹತ್ತುತ್ತಿದ್ದರು. ಪ್ರತಿ ತಿರುವಿನಲ್ಲೂ ಅಮ್ಮ ನಿಲ್ಲುತ್ತಿದ್ದಳು, ಪೈಪಿನ ಹಿಂದಿನ ಪಿನ್ ತೆಗೆದು ಮೂಲೆ ಕೆರೆಯುತ್ತಿದ್ದಳು.

"ಬಾರಮ್ಮ, ಎಷ್ಟು ಅಂತ ಕೆರೀತೀಯ?"

"ಕೊಳೆ ಕೂರೋದೇ ಮೂಲೇಲಿ ಕಣೇ. ನಿನಗೇನು ಗೊತ್ತು?"

ಹೆದರಿ ಬಂದ ರೋಗಿಗಳಿಗೆಲ್ಲ ಇವಳು ಅಮ್ಮನ ಕತೆಯನ್ನೇ ಹೇಳಿದಳು: ನಮ್ಮಮ್ಮ ನಾಲ್ಕು ಅಂತಸ್ತು ತೊಳೀತಾಳೆ, ನೋಡಿ. ಆದರೂ ಒಳಗೆ ಒಂದು ಮುಳ್ಳು ಉಳಿದಿತ್ತು. ಒಮ್ಮೆ ಯಾರದೋ ವಿಷಯವೆಂಬಂತೆ ಡಾಕ್ಟರನ್ನು ಕೇಳಿದಳು, ಬಿಳಿ ಸ್ವಲ್ಪ ಸೇರಿದರೆ ಏನಾಗುತ್ತದೆ ಎಂದು.

"ಬೇಡವೇ ಬೇಡ ಅನ್ನೋರೂ ಇದ್ದಾರೆ, ಬೇಕು ಅನ್ನೋರೂ ಇದ್ದಾರೆ," ಎಂದರು ಅವರು. "ಅದೇ ಕಣ ಇವತ್ತು ಜಗಳಗಂಟಿ, ನಾಳೆ ರಿಪೇರಿ ಮಾಡೋ ಮೇಸ್ತ್ರಿ. ನಾನು ಬೇಡ ಅನ್ನೋ ಕಡೆಯವನು, ಅಷ್ಟೇ. ತೀರಾ ಸವೆದ ಮಂಡಿ ಹೇಗೆ ಮಾಡಿದ್ರೂ ಕೈಕೊಡಬಹುದು."

*

ಎಲ್ಲ ಮುಗಿಸಿ ವಾಪಸು ಬಂದಾಗ ಮಧ್ಯಾಹ್ನ ಮೂರು. ಜನ ಬೀದಿಯಿಂದಲೇ ಚದುರಿದರು. ಮಗಳು ಕೆಳಗಿನ ಮೆಟ್ಟಿಲ ಮೇಲೆ ಕುಸಿದು ಕೂತಳು. ಡ್ರೈವರ್, ಟೈಲರಕ್ಕ ಹೋಗಲಾರದೆ ಅಲ್ಲೇ ನಿಂತರು.

"ಮಾಮ, ಅಮ್ಮನ ಮಂಡಿ ವಾಸಿಯಾಗಿತ್ತಾ? ಅಮ್ಮನ ಮೇಲೆ ಆಣೆ, ನಿಜ ಹೇಳಿ."

ಡ್ರೈವರ್ ಮೇಲಿನ ಅಂತಸ್ತುಗಳತ್ತ ನೋಡಿದ. ಅಲ್ಲಿಂದ ಯಾರೂ ಬೈಯಲಿಲ್ಲ.

"ಇಲ್ಲ ಮಗಳೇ. ಮೂರು ವರ್ಷದಿಂದ ಮೂರನೇ ಅಂತಸ್ತು ತೊಳೆಯೋ ಕೆಲಸ ನಂದು, ಒಂದನೇದು ಇವಳದ್ದು. ಎರಡನೇದು ಅಲ್ಲಿರೋ ಮೇಷ್ಟ್ರದ್ದು. ಮೇಷ್ಟ್ರು ತೊಳೆದ್ರೆ ದೇವರೇ ಗತಿ! ನಿಮ್ಮಮ್ಮ ಇಲ್ಲೇ ಸ್ಟೂಲ್ ಮೇಲೆ ಕೂತ್ಕೊಂಡು ಬೈಯೋಳು."

"ನಾಲ್ಕನೇದು ಮಾತ್ರ ಅವರೇ," ಎಂದಳು ಟೈಲರಕ್ಕ. "ಕೂತ್ಕೊಂಡೇ, ಒಂದೊಂದೇ ಮೆಟ್ಟಿಲು ಜರುಗ್ತಾ. ನೀನು ಬರೋ ಹೊತ್ತಿಗೆ ಬಕೆಟ್‌ನಲ್ಲಿ ಕೈ ಅದ್ದಿ ಎದ್ದು ನಿಲ್ಲೋರು. ಕೆಲಸ ಬಿಟ್ಬಿಡಿ ಅಂದ್ರೆ, ಬಿಟ್ರೆ ಮಗಳಿಗೆ ಗೊತ್ತಾಗುತ್ತೆ ಅನ್ನೋರು."

ಮಗಳು ತನ್ನ ಅಂಗೈ ನೋಡಿಕೊಂಡಳು.

"ನಾನೇ ಕೆಡಿಸಿದ್ದು, ಅಕ್ಕ. ಬಿಳಿ ಬರಬಾರದಿತ್ತು, ಬಂತು. ಬಾಯಿ ಮುಚ್ಕೊಂಡು ಕೊಟ್ಬಿಟ್ಟೆ. ಯಾರಿಗೂ ಹೇಳಲಿಲ್ಲ."

ಟೈಲರಕ್ಕ ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟಳು.

"ಅವರಿಗೆ ಗೊತ್ತಿತ್ತು ಕಣೇ. ಏನು ಬಿಳಿ, ಏನು ಹಳದಿ ಅಂತ ಗೊತ್ತಿರಲಿಲ್ಲ. ನಿನ್ನ ಮುಖ ನೋಡಿದ್ರಂತೆ. 'ಮಗು ಕೈ ನಡುಗಿತು, ಏನೋ ಎಡವಟ್ಟಾಗಿದೆ, ಹೇಳೋಕೆ ಹೆದರ್ತಿದೆ. ಮಂಡಿ ಹೋದ್ರೆ ಹೋಗ್ಲಿ, ಅವಳ ಕೈ ಮೇಲೆ ಅವಳಿಗೆ ಧೈರ್ಯ ಹೋಗಬಾರದು' ಅಂದ್ರು. ನಮ್ಮಿಂದೆಲ್ಲ ಆಣೆ ಮಾಡಿಸ್ಕೊಂಡಿದ್ರು."

ಆಗ ಅಳು ಬಂತು. ನಿನ್ನೆಯಿಂದ ಬಾರದ್ದೆಲ್ಲ ಒಟ್ಟಿಗೇ ಬಂತು. ಡ್ರೈವರ್ ಜೇಬಿನಲ್ಲಿ ಕರವಸ್ತ್ರ ಹುಡುಕಿದ, ಸಿಗಲಿಲ್ಲ.

ತುಂಬ ಹೊತ್ತಾದ ಮೇಲೆ ಮಗಳು ಎದ್ದು ಕಂಬಿ ಹಿಡಿದು ಹತ್ತತೊಡಗಿದಳು. ಒಂದನೇ ತಿರುವಿಗೆ ಬರುವಷ್ಟರಲ್ಲಿ ಕಾಲು ಸೋತವು. ಅಮ್ಮ ದಿನಾ ನಿಲ್ಲುತ್ತಿದ್ದ ಜಾಗ. ನಿಂತಳು. ಪೈಪಿನ ಹಿಂದೆ ಕೈಹಾಕಿ ಪಿನ್ ತೆಗೆದಳು, ಕುಕ್ಕರುಗಾಲಲ್ಲಿ ಕೂತು ಮೂಲೆ ಕೆರೆಯತೊಡಗಿದಳು. ಬೆಳಗ್ಗೆ ತಾನೇ ತೊಳೆದ ಮೂಲೆ, ಅಲ್ಲಿ ಕೊಳೆಯೇ ಇರಲಿಲ್ಲ.

ಹಿಂದಿನಿಂದ ಬಂದ ಟೈಲರಕ್ಕ ಏನೋ ಹೇಳಲು ಬಾಯಿ ತೆರೆದಳು. ಡ್ರೈವರ್ ಅವಳ ತೋಳು ಹಿಡಿದು ತಡೆದ.

"ಇರು. ಕೆರೀಲಿ."

ಇಬ್ಬರೂ ಎರಡು ಮೆಟ್ಟಿಲು ಕೆಳಗೆ ನಿಂತು, ಅವಳು ಏಳುವವರೆಗೆ ಕಾದರು.