ಚಿದಾನಂದ ಮೈಕ್ ಹಿಡಿದ ಪಂದ್ಯ

ಜಮಖಂಡಿ ಕೋರ್ಟಿನ ಸಿಪಾಯಿ ಚಿದಾನಂದನ ದನಿ ಊರಿಗೆಲ್ಲ ಗೊತ್ತು. ಬಾಗಿಲಲ್ಲಿ ನಿಂತು ಅವನು ಕಕ್ಷಿದಾರರ ಹೆಸರು ಕೂಗಿದರೆ, ರಸ್ತೆಯಾಚೆ ಚಹಾ ಕುಡಿಯುತ್ತಿದ್ದವರೂ ಕಪ್ಪು ಇಟ್ಟು ಓಡಿ ಬರುತ್ತಿದ್ದರು. ಹಾಗಾಗಿ ಹುಡುಗಿಯರ ಕಬಡ್ಡಿ ಪಂದ್ಯಾವಳಿಗೆ ಮೈಕ್ ಹಿಡಿಯಲು ಕಮಿಟಿ ಅಧ್ಯಕ್ಷ ಗಿರಿಮಲ್ಲಪ್ಪ ಬೇರೆ ಯಾರನ್ನೂ ಹುಡುಕಲಿಲ್ಲ.

"ಮಂದಿ ಸುಮ್ನ ಕೂಡಬಾರ್ದು ನೋಡ. ನೀ ಅಂದಾಗ ಚಪ್ಪಾಳಿ, ನೀ ಅಂದಾಗ ಸೀಟಿ. ನಮ್ಮ ಹುಡುಗ್ಯಾರಿಗೆ ಹುರುಪ ಬರಬೇಕು," ಎಂದಿದ್ದ.

ಭಾನುವಾರ ಫೈನಲ್. ಜಮಖಂಡಿಗೂ ಗಲಗಲಿಗೂ ಪಂದ್ಯ. ಮಂದಿ ಬೇಕಾದಷ್ಟು ಸೇರಿದ್ದರು, ಆದರೆ ಶೇಂಗಾ ತಿನ್ನುತ್ತ ಮೊಬೈಲ್ ನೋಡುತ್ತ ಕೂತಿದ್ದರು. ಚಿದಾನಂದ ಬಿಡಲಿಲ್ಲ.

"ಬಲಗಡೆ ಮಂದಿ ಜಮಖಂಡಿ ಅನ್ರಿ! ಎಡಗಡೆ ಮಂದಿ ಕಾವ್ಯಾ ಅನ್ರಿ! ಏ ನೀಲಿ ಅಂಗಿ ಕಾಕಾ, ಕೈ ಕಿಸೆದಾಗ ಯಾಕ ಇಟ್ಟೀರಿ? ಹೊರಗ ತಗೀರಿ!"

ಮಂದಿ ನಕ್ಕರು, ಕಾಕಾ ನಾಚುತ್ತಲೇ ಚಪ್ಪಾಳೆ ತಟ್ಟಿದ. ಆಮೇಲೆ ಮೈದಾನ ಸುಮ್ಮನಾಗಲೇ ಇಲ್ಲ. ಜಮಖಂಡಿಯ ನಾಯಕಿ ಕಾವ್ಯ ಕುಣಿಕುಣಿದು ಆಡಿದಳು. ಅರ್ಧ ಆಟ ಮುಗಿದಾಗ ಜಮಖಂಡಿ ಹತ್ತೊಂಬತ್ತು, ಗಲಗಲಿ ಒಂಬತ್ತು.

ವಿರಾಮದಲ್ಲಿ ಒಬ್ಬ ಮುದುಕಿ ಹಗ್ಗ ದಾಟಿ ಅವನ ಹತ್ತಿರ ಬಂದಳು. ಗಲಗಲಿಯ ಆಟಗಾರ್ತಿ ರಾಧಿಕಾಳ ಅಜ್ಜಿ ಮುದಕವ್ವ. ಟೆಂಪೋದಲ್ಲಿ ಹುಡುಗಿಯರ ಸಂಗಡ ಬಂದಿದ್ದವಳು ಅವಳೊಬ್ಬಳೇ.

"ಯಪ್ಪಾ, ನಮ್ಮ ಹುಡುಗ್ಯಾರ ಹೆಸರ ಒಮ್ಮಿನೂ ಕೂಗಲಿಲ್ಲಲ್ಲ ನೀ?"

"ನಾ ಈ ಊರಾಂವ ಅಲ್ಲೇನಬೇ? ಕಮಿಟಿಯವ್ರು ಹಂಗ ಹೇಳ್ಯಾರ."

"ಹೊಲದ ಕೇಸಿಗೆ ಆರು ವರ್ಷ ನಿಮ್ಮ ಕೋರ್ಟಿಗೆ ಅಡ್ಡಾಡೇನಿ. ನನ್ನ ಹೆಸರೂ ಕೂಗ್ತಿದ್ದಿ, ನನ್ನ ಎದುರಿಗೆ ಕೇಸ ನಡಸಿದ ಮೈದುನನ ಹೆಸರೂ ಕೂಗ್ತಿದ್ದಿ. ಇಬ್ಬರಿಗೂ ಒಂದ ದನಿ."

ಮುದುಕಿಯ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಚಿದಾನಂದನಿಗೆ ಹೆಚ್ಚು ನಾಟಿತು. ಪೆನ್ನು ತೆಗೆದು ಗಲಗಲಿಯ ಏಳೂ ಹುಡುಗಿಯರ ಹೆಸರು ಕೇಳಿ ಅಂಗೈ ಮೇಲೆ ಬರೆದುಕೊಂಡ.

ಆಟ ಮತ್ತೆ ಶುರುವಾದಾಗ ರಾಧಿಕಾ ರೈಡಿಗೆ ಬಂದಳು. "ಗಲಗಲಿ ರಾಧಿಕಾ! ಜೋರ ಅನ್ರಿ!" ಎಂದು ಚಿದಾನಂದ ಕೂಗಿದ. ಯಾರೂ ಬಾಯಿ ತೆರೆಯಲಿಲ್ಲ.

"ಲೇ, ನೀ ಯಾವ ಊರಾಂವಲೇ?" ಹಿಂದಿನಿಂದ ಯಾರೋ ಕೇಳಿದರು.

"ಜಮಖಂಡಿಯಾಂವನ ರೀ! ಛಲೋ ಆಡಿದವರಿಗೆ ಚಪ್ಪಾಳಿ ಹೊಡದ್ರ ಕೈ ಸವೀತಾವೇನು?"

ಅಷ್ಟರಲ್ಲಿ ರಾಧಿಕಾ ಮೂವರ ನಡುವಿಂದ ನುಸುಳಿ ಗೆರೆ ಮುಟ್ಟಿದಳು. ಮೊದಲು ಹೆಂಗಸರ ಕಡೆಯಿಂದ ಚಪ್ಪಾಳೆ ಬಂತು, ಆಮೇಲೆ ಕಾಲೇಜು ಹುಡುಗರಿಂದ. ಒಮ್ಮೆ ಕಾವ್ಯಾ, ಒಮ್ಮೆ ರಾಧಿಕಾ ಎಂದು ಚಿದಾನಂದ ಕೂಗಿಸುತ್ತ ಹೋದ. ಗಲಗಲಿಯ ಹುಡುಗಿಯರ ಮುಖವೇ ಬದಲಾಯಿತು. ಪಾಯಿಂಟು ಒಂದೊಂದಾಗಿ ಏರಿ ಇಪ್ಪತ್ತೇಳು–ಇಪ್ಪತ್ತೇಳಕ್ಕೆ ನಿಂತವು. ಮೈಕ್ ಬಂದ್ ಮಾಡು ಎಂದು ಗಿರಿಮಲ್ಲಪ್ಪ ದೂರದಿಂದ ಕೈ ಬೀಸಿದ. ಚಿದಾನಂದ ನೋಡಿಯೂ ನೋಡದಂತೆ ನಿಂತ.

ಕೊನೆಯ ರೈಡು. ರಾಧಿಕಾಳ ಕಾಲನ್ನು ಕಾವ್ಯ ಗಟ್ಟಿಯಾಗಿ ಹಿಡಿದಳು. ರಾಧಿಕಾ ಮ್ಯಾಟಿನ ಮೇಲೆ ತೆವಳಿ ಕೈ ಚಾಚಿದಳು. ಬೆರಳ ತುದಿ ನಡುಗೆರೆಗೆ ತಾಗಿತು. ಸೀಟಿ ಮೊಳಗಿತು. ಗಲಗಲಿ ಗೆದ್ದಿತ್ತು.

ಚಿದಾನಂದ ಆಗಲೇ ಮೈಕ್ ಕೆಳಗಿಟ್ಟಿದ್ದ. ಆದರೂ ಇಡೀ ಮೈದಾನ ಎದ್ದು ನಿಂತು ಕೂಗುತ್ತಿತ್ತು. ಕಾವ್ಯ ಕಣ್ಣೊರೆಸಿಕೊಂಡು ರಾಧಿಕಾಳನ್ನು ಕೈಹಿಡಿದು ಎಬ್ಬಿಸಿದಳು.

ಗಿರಿಮಲ್ಲಪ್ಪ ದಾಪುಗಾಲು ಹಾಕುತ್ತ ಬಂದ. "ಮುಂದಿನ ವರ್ಷ ನಿನಗ ಮೈಕ್ ಕೊಡಂಗಿಲ್ಲ ನೋಡ!" ದನಿ ಒಡೆದು ಅರ್ಧ ಮಾತು ಕೇಳಿಸಲೇ ಇಲ್ಲ.

"ನಿಮ್ಮ ದನಿಗೇನಾತ್ರಿ?"

ಗಿರಿಮಲ್ಲಪ್ಪ ಆಚೀಚೆ ನೋಡಿದ. "ಆ ಹುಡುಗಿ ಗೆರಿಗೆ ಕೈ ಚಾಚಿದಾಗ ಎಲ್ಲಾರೂ ಒದರಾಕತ್ತಿದ್ರು. ನಾನೂ ಒದರಿದೆ. ಏನ ಮಾಡ್ಲಿ?"

ಚಿದಾನಂದ ಹೊಟ್ಟೆ ಹಿಡಿದುಕೊಂಡು ನಕ್ಕ. ಗಿರಿಮಲ್ಲಪ್ಪನೂ ನಕ್ಕು, ಗಲಗಲಿಯವರ ಟೆಂಪೋ ಹೊರಡುವ ಮೊದಲು ಮಿರ್ಚಿ ಭಜಿ ತರಿಸಲು ಹೋದ.