ಕಿವಿಯ ತಪ್ಪಲ್ಲ

ಬೀದಿಯವರೆಲ್ಲ ಅವನನ್ನು ರೇಡಿಯೊ ಎಂದೇ ಕರೆಯುತ್ತಿದ್ದರು. ಇಪ್ಪತ್ತು ವರ್ಷ ರೇಡಿಯೊ, ಟಿವಿ ರಿಪೇರಿ ಅಂಗಡಿ ಇಟ್ಟಿದ್ದವನು. ಕೆಟ್ಟದ್ದನ್ನು ಸರಿಮಾಡಿಸುವ ಬದಲು ಎಸೆದು ಹೊಸದು ತರುವುದನ್ನು ಜನ ಕಲಿತ ಮೇಲೆ ಅಂಗಡಿ ಮುಚ್ಚಿ, ಮನೆಯ ಮೂಲೆಯಲ್ಲಿ ಕಂಪ್ಯೂಟರ್ ಮುಂದೆ ಕೂತ. ಯಾವ ಸಾಮಾನು ಕೊಳ್ಳಬಹುದು, ಯಾವುದು ಬೇಡ ಎಂದು ಬರೆಯುವ ಒಂದು ವೆಬ್‌ಸೈಟ್ ಮಾಡಿಕೊಂಡ. ಓದಿದವರು ಅಲ್ಲೇ ಇದ್ದ ಲಿಂಕ್ ಒತ್ತಿ ಕೊಂಡರೆ ಮಾರುವವರು ಇವನಿಗೆ ಕಮಿಷನ್ ಕೊಡುತ್ತಿದ್ದರು. ಆ ಸಂಗತಿ ಪುಟದ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಇತ್ತು.

ಮೊದಮೊದಲು ಅವನು ನಿಜವಾಗಿಯೂ ಬಿಚ್ಚಿ ನೋಡಿ ಬರೆಯುತ್ತಿದ್ದ. ಇಸ್ತ್ರಿಪೆಟ್ಟಿಗೆಯ ಹೊಟ್ಟೆ ಬಗೆದು ತಂತಿಯ ದಪ್ಪ ಅಳೆಯುತ್ತಿದ್ದ. ಒಂದು ಬರಹಕ್ಕೆ ಒಂದು ವಾರ ಹಿಡಿಯುತ್ತಿತ್ತು. ಅಷ್ಟರಲ್ಲಿ ಬೇರೆಯವರು ಹತ್ತು ಬರೆದು ಮುಂದೆ ಹೋಗಿರುತ್ತಿದ್ದರು. ಬರುಬರುತ್ತಾ ಕಂಪನಿ ಕಳಿಸಿದ ಕಾಗದ ಓದಿ, ನಾಲ್ಕು ಜನ ಬರೆದದ್ದನ್ನು ಕಲಸಿ, ‘ಎರಡು ವಾರ ಬಳಸಿ ನೋಡಿದೆ’ ಎಂದು ಬರೆಯುವುದು ರೂಢಿಯಾಯಿತು. ಮೊದಲ ಸಲ ಆ ವಾಕ್ಯ ಬರೆಯುವಾಗ ಕೈ ತಡೆಯಿತು. ಆಮೇಲೆ ತಡೆಯಲಿಲ್ಲ. ಬರೀ ಹೊಗಳಿದರೆ ಜನ ನಂಬುವುದಿಲ್ಲ, ಒಂದು ಸಣ್ಣ ದೋಷವನ್ನೂ ಸೇರಿಸಬೇಕು ಎಂಬ ಕಸುಬಿನ ಗುಟ್ಟೂ ತಿಳಿಯಿತು. ಹಾಗಾಗಿ ಅವನ ಬರಹಗಳಲ್ಲಿ ಎಲ್ಲ ಸಾಮಾನೂ ಚೆನ್ನಾಗಿರುತ್ತಿತ್ತು, ಡಬ್ಬಿಯ ಮುಚ್ಚಳ ಮಾತ್ರ ಸ್ವಲ್ಪ ಬಿಗಿಯಾಗಿರುತ್ತಿತ್ತು.

ಹೆಂಡತಿ ಒಂದು ಕ್ಲಿನಿಕ್ಕಿನ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಸಂಜೆ ಬಂದು ಚಪ್ಪಲಿ ಬಿಡುತ್ತಲೇ ಕೇಳುತ್ತಿದ್ದಳು, “ಇವತ್ತು ಏನೇನು ಬಳಸಿ ನೋಡಿದ್ರಿ?”

“ಮೂರು ಹಾಸಿಗೆ, ಒಂದು ಟ್ರೆಡ್‌ಮಿಲ್.”

“ಅದಕ್ಕೇ ಮುಖ ಬಾಡಿದೆ.”

ಮೊದಲು ಇಬ್ಬರೂ ನಗುತ್ತಿದ್ದರು. ಈಚೆಗೆ ಅವಳು ಕೇಳುವುದನ್ನೇ ಬಿಟ್ಟಿದ್ದಳು.

ತಾಯಿ ತೀರಿಕೊಂಡ ಮೇಲೆ ಅವನಿಗೆ ಹಿರಿಯ ಜೀವ ಅಂತ ಉಳಿದಿದ್ದವಳು ಚಿಕ್ಕಮ್ಮ ಒಬ್ಬಳೇ. ಎರಡು ಬೀದಿ ಆಚೆ, ಮೂರನೇ ಮಹಡಿಯ ಮನೆ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಹಲೋ ಅನ್ನುವುದಕ್ಕೆ ಮುಂಚೆ ಎಳೆದ ಉಸಿರಿನಲ್ಲೇ ಯಾರೆಂದು ಹೇಳಿಬಿಡುತ್ತಿದ್ದಳಂತೆ. ಅವಳ ಕಿವಿ ಎರಡು ವರ್ಷದಿಂದ ಮಂದವಾಗುತ್ತಾ ಬಂದಿತ್ತು. ಅವನು ಅದನ್ನು ಗಮನಿಸಿದ್ದ, ಆದರೆ ವಯಸ್ಸು ಅಂತ ಸುಮ್ಮನಿದ್ದ.

ಒಂದು ಭಾನುವಾರ ಬೆಳಿಗ್ಗೆ ಹೋದಾಗ ಕೇಳಿದ, “ಫೋನ್ ಬಿಲ್ ಕಟ್ಟಿದ್ಯಾ ಚಿಕ್ಕಮ್ಮ?”

“ಕೆಟ್ಟಿಲ್ಲಪ್ಪ, ಚೆನ್ನಾಗೇ ಇದೆ.”

ಅವನಿಗೆ ನಗು ಬಂತು. ಆದರೆ ಅವಳು ಇವನ ತುಟಿಯನ್ನೇ ದಿಟ್ಟಿಸುತ್ತಿರುವುದು ಕಂಡು ನಗು ಅಲ್ಲೇ ನಿಂತಿತು. ಹತ್ತಿರ ಕೂತು ಗಟ್ಟಿಯಾಗಿ, “ಕಿವಿ ಡಾಕ್ಟರ ಹತ್ರ ಹೋಗೋಣ” ಅಂದ.

“ಯಾತಕ್ಕೆ? ಮೆಷಿನ್ ಹಾಕ್ಕೊಂಡೇ ಇದೀನಲ್ಲ.”

ಅವಳು ನರೆತ ಕೂದಲು ಸರಿಸಿ ತೋರಿಸಿದಳು. ಕಿವಿಯ ಹಿಂದೆ ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದಾದ, ಚರ್ಮದ ಬಣ್ಣದ ಯಂತ್ರ. ಅವನಿಗೆ ನೋಡಿದ ಕೂಡಲೇ ಗುರುತು ಹತ್ತಿತು. ‘ಮನೆಯ ಹಿರಿಯರಿಗೆ ಐದು ಅತ್ಯುತ್ತಮ ಶ್ರವಣ ಸಾಧನಗಳು’ ಎಂದು ಬರೆದಿದ್ದ ಪುಟದಲ್ಲಿ ಮೊದಲನೆಯದು ಅದೇ. ಫೋಟೋದಲ್ಲಿ ಬಿಟ್ಟರೆ ಅದನ್ನು ಅವನು ಕಣ್ಣಿಂದ ನೋಡಿದ್ದು ಇವತ್ತೇ.

“ನೀನೇ ಬರೆದಿದ್ಯಲ್ಲ, ಓದಿ ತರಿಸ್ಕೊಂಡೆ. ಹತ್ತು ತಿಂಗಳಾಯ್ತು. ಹೇಳಿದ್ರೆ ನೀನು, ನಾನೇ ತಂದ್ಕೊಡ್ತೀನಿ ಅಂತ ಹಟ ಹಿಡೀತಿದ್ದೆ, ಅದಕ್ಕೇ ಹೇಳಲಿಲ್ಲ.”

“ಕೇಳಿಸುತ್ತಾ?”

“ಸದ್ದು ಕೇಳಿಸುತ್ತೆ. ಮಾತು ಕೇಳಿಸಲ್ಲ. ನಲ್ಲಿ, ಪಾತ್ರೆ, ಬೀದಿ ಬಸ್ಸು, ಎಲ್ಲಾ ಸೇರಿ ಕಿವೀಲಿ ಸಂತೆ. ಮೆಷಿನ್ ಏನು ಮಾಡುತ್ತೆ ಪಾಪ. ನನ್ನ ಕಿವೀನೇ ಪೂರ್ತಿ ಹೋಗಿದೆ. ಇಷ್ಟು ಒಳ್ಳೇದು ಹಾಕ್ಕೊಂಡ್ರೂ ಕೇಳ್ಸಲ್ಲ ಅಂದ್ರೆ ಇನ್ನು ಡಾಕ್ಟರ್ ಏನು ಮಾಡ್ತಾರೆ?”

ಅವಳು ತನ್ನ ಪಾಡಿಗೆ ಹೇಳುತ್ತಾ ಹೋದಳು. ಕೆಳಗಿನ ಮನೆಯ ಟೈಲರಮ್ಮನಿಗೂ ಹೊಲಿಗೆ ಯಂತ್ರದ ಗದ್ದಲಕ್ಕೆ ಕಿವಿ ಮಂದವಾಗಿತ್ತು. ಅವಳಿಗೂ ಚಿಕ್ಕಮ್ಮ ಇದನ್ನೇ ತರಿಸಿಕೊಟ್ಟಿದ್ದಳು. ಟೈಲರಮ್ಮ ವಾರದಲ್ಲೇ ವಾಪಸ್ ಕಳಿಸಿ, ಇದೆಲ್ಲ ದುಡ್ಡಿಗೆ ಬರೆಯುವ ಸುಳ್ಳು ಅಂದಳಂತೆ. “ನಮ್ಮ ಹುಡುಗ ಹಾಕ್ಕೊಂಡು ನೋಡಿ ಬರೆದಿದ್ದಾನೆ ಅಂತ ಆಣೆ ಮಾಡಿದೆ. ಮಾತಿಗೆ ಮಾತು ಬೆಳೀತು. ಹೊಟ್ಟೆಕಿಚ್ಚಿನವಳು ಅಂದುಬಿಟ್ಟೆ. ಅವತ್ತಿಂದ ಮಾತಿಲ್ಲ.” ಹದಿನಾರು ವರ್ಷ ದಿನಾ ಮಧ್ಯಾಹ್ನ ಇಬ್ಬರೂ ಮೆಟ್ಟಿಲ ಮೇಲೆ ಕೂತು ಟೀ ಕುಡಿದವರು.

ಸ್ವಲ್ಪ ಕ್ಲೀನ್ ಮಾಡಿ ತರುತ್ತೇನೆಂದು ಅವನು ಯಂತ್ರವನ್ನು ಮನೆಗೆ ತಂದ. ಹಳೆಯ ಸ್ಕ್ರೂಡ್ರೈವರುಗಳ ಪೆಟ್ಟಿಗೆ ಹುಡುಕಿ ತೆಗೆದು, ಕಿಟಕಿಯ ಬೆಳಕಿಗೆ ಕೂತು ಬಿಚ್ಚಿದ. ಒಂದು ಅಗ್ಗದ ಮೈಕು, ಉಗುರಷ್ಟು ಸರ್ಕ್ಯೂಟು, ಸದ್ದು ಏರಿಸುವ ಚಕ್ರ. ಅಷ್ಟೇ. ‘ಗದ್ದಲದಿಂದ ಮಾತನ್ನು ಬೇರ್ಪಡಿಸುವ ತಂತ್ರಜ್ಞಾನ ನನಗೆ ತುಂಬ ಹಿಡಿಸಿತು’ ಎಂದು ತಾನು ಬರೆದದ್ದರ ಸುಳಿವೂ ಒಳಗೆ ಇರಲಿಲ್ಲ. ಅಂಗಡಿಯ ದಿನಗಳಲ್ಲಾದರೆ ಇದನ್ನು ತಂದ ಗಿರಾಕಿಗೆ, ಯಾರು ನಿಮಗೆ ಟೋಪಿ ಹಾಕಿದ್ದು ಎಂದು ಕೇಳುತ್ತಿದ್ದ. ಮತ್ತೆ ಜೋಡಿಸಿ ಕಿವಿಗೆ ಇಟ್ಟುಕೊಂಡ. ಹೆಂಡತಿ ಬಾಗಿಲಲ್ಲಿ ನಿಂತು ಏನೋ ಕೇಳಿದಳು. ಅವಳ ಮಾತಿಗಿಂತ ಅವಳ ಕೈಯ ಕವರಿನ ಸರಬರವೇ ಜೋರಾಗಿ ಕೇಳಿಸಿತು.

ಎಲ್ಲ ಕೇಳಿಕೊಂಡು ಅವಳು ಬೈಯಲಿಲ್ಲ. “ಗುರುವಾರ ನಮ್ಮ ಕ್ಲಿನಿಕ್ಕಿಗೆ ಕಿವಿ ಪರೀಕ್ಷೆಯವರು ಬರ್ತಾರೆ. ಹೆಸರು ಬರೆಸಿರ್ತೀನಿ” ಅಂದು ಒಳಗೆ ಹೋದಳು.

ಗುರುವಾರ ಚಿಕ್ಕಮ್ಮನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಅರ್ಧ ಗಂಟೆ ಪರೀಕ್ಷೆ ಮಾಡಿದರು. ಹೊರಗೆ ಬಂದ ತಜ್ಞೆ ಕಾಗದದ ಮೇಲಿನ ಗೆರೆ ತೋರಿಸಿ, “ಕಿವಿ ಅಷ್ಟೇನೂ ಹೋಗಿಲ್ಲ. ಅಳತೆಗೆ ಸರಿಯಾಗಿ ಮಾಡಿದ ಮೆಷಿನ್ ಹಾಕಿದ್ರೆ ಮಾತು ಚೆನ್ನಾಗಿ ಕೇಳ್ಸುತ್ತೆ. ಇಷ್ಟು ದಿನ ಯಾಕೆ ಬಿಟ್ರಿ?” ಅಂದರು. ಪ್ರಯೋಗಕ್ಕೆ ಒಂದನ್ನು ಹಾಕಿಯೂ ಕಳಿಸಿದರು.

ಕಾರಿಡಾರಿನ ಬೆಂಚಿನ ಮೇಲೆ ಚಿಕ್ಕಮ್ಮ ಕೂತಿದ್ದಳು. ಆ ತುದಿಯಲ್ಲಿ ಇಬ್ಬರು ನರ್ಸುಗಳು ಪಿಸುಗುಟ್ಟುತ್ತಿದ್ದರು. ಅವಳು ತಲೆ ಓರೆ ಮಾಡಿ ಅದನ್ನೇ ಕೇಳಿದಳು. ಆಮೇಲೆ ಇವನ ಕಡೆ ತಿರುಗಿದಳು.

“ನೀನು ಅದನ್ನ ಹಾಕ್ಕೊಂಡು ನೋಡಿದ್ಯೇನೋ?”

“ಇಲ್ಲ ಚಿಕ್ಕಮ್ಮ.”

“ಮತ್ತೆ ಎರಡು ವಾರ ಅಂತ ಬರೆದಿದ್ದೆ.”

“ಎಲ್ಲದಕ್ಕೂ ಹಾಗೇ ಬರೀತಿದ್ದೆ.”

ಅವಳು ಕಿವಿಯ ಹಿಂದಿನ ಹೊಸ ಯಂತ್ರವನ್ನು ಬೆರಳಿಂದ ಮುಟ್ಟಿಕೊಂಡಳು. “ಹತ್ತು ತಿಂಗಳು ನನ್ನ ಕಿವೀನ ಬೈಕೊಂಡೆ. ಅದು ಹೋಗ್ಲಿ. ಟೈಲರಮ್ಮನ ಮುಂದೆ ಆಣೆ ಮಾಡಿ ಹೇಳಿದ್ನಲ್ಲೋ.”

ಮೆಟ್ಟಿಲು ಇಳಿಯುವಾಗ ಅವನು ಕೈ ಚಾಚಿದ. ಅವಳು ಕಂಬಿ ಹಿಡಿದು ಇಳಿದಳು.

ಮರುದಿನ ಅವನು ಟೈಲರಮ್ಮನ ಬಾಗಿಲು ತಟ್ಟಿದ. ಅವಳು ಒಂದು ಕೋಟಿನ ತೋಳು ಬಿಚ್ಚುತ್ತಿದ್ದಳು. ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿ, ಇವನು ಗಟ್ಟಿಯಾಗಿ ಹೇಳಿದ್ದನ್ನು ಕಡೆತನಕ ಕೇಳಿದಳು.

“ನಾನು ಅಂದಿದ್ದು ಸರಿ ಅಂತ ಹೇಳೋಕೆ ಬಂದ್ರಾ? ಅದು ನನಗೆ ಗೊತ್ತೇ ಇತ್ತು.”

“ಚಿಕ್ಕಮ್ಮ ಬೇಕಂತ ಅಂದಿದ್ದಲ್ಲ. ನನ್ನನ್ನ ನಂಬಿದ್ಲು.”

“ಗೊತ್ತು. ಈಗ ನೀವು ಬಂದು ಹೇಳಿದ್ರಿ, ನಿಮ್ಮ ಮನಸ್ಸು ಹಗುರ ಆಯ್ತು. ನಾನು ಇಷ್ಟು ತಿಂಗಳು ಒಬ್ಬಳೇ ಟೀ ಕುಡಿದಿದ್ದೀನಿ.” ಅವಳು ಮತ್ತೆ ಕೋಟು ಕೈಗೆತ್ತಿಕೊಂಡಳು. “ಹೋಗಿ ಬನ್ನಿ. ಅವರ ಹತ್ರ ನಾನೇ ಮಾತಾಡ್ತೀನಿ. ನೀವು ಮಧ್ಯ ಬರ್ಬೇಡಿ.”

ಅವನು ಆ ಪುಟದಿಂದ ಲಿಂಕ್ ತೆಗೆದ. ಮೊದಲ ಸಾಲಿನಲ್ಲೇ, ‘ಈ ಯಂತ್ರವನ್ನು ನಾನು ಬಳಸದೆ ಹೊಗಳಿದ್ದೆ. ಈಗ ಬಿಚ್ಚಿ ನೋಡಿದ್ದೇನೆ. ಕೊಳ್ಳಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ’ ಎಂದು ಬರೆದ. ಮೂರನೇ ದಿನ ಮಾರುವ ಕಂಪನಿಯವನ ಫೋನು ಬಂತು. ದನಿಯಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. “ಸರ್, ಎಲ್ಲರೂ ಹೀಗೇ ತಾನೆ ಬರೆಯೋದು? ನೀವೊಬ್ರು ಯಾಕೆ ತಲೆ ಕೆಡಿಸ್ಕೊಳ್ತೀರಿ?” ಇವನು, “ನನ್ನ ಚಿಕ್ಕಮ್ಮ ಕೊಂಡ್ಕೊಂಡ್ಲು” ಅಂದ.

ಪುಟದ ಕೆಳಗೆ ಯಾರೋ ಒಬ್ಬ ಓದುಗ ಬರೆದಿದ್ದ: ‘ಆಗ ಸುಳ್ಳು ಬರೆದವರು ಈಗ ನಿಜ ಬರೆಯುತ್ತಿದ್ದೀರಿ ಎಂದು ನಾವು ಹೇಗೆ ನಂಬೋಣ?’ ಅದನ್ನು ಅಳಿಸದೆ ಹಾಗೇ ಬಿಟ್ಟು, ಹಳೆಯ ಬರಹಗಳನ್ನು ಒಂದೊಂದಾಗಿ ಎಣಿಸಿದ. ಒಟ್ಟು ಇನ್ನೂರ ಹನ್ನೆರಡು ಬರಹಗಳಲ್ಲಿ ಅವನು ನಿಜವಾಗಿ ಮುಟ್ಟಿ ನೋಡಿದ ಸಾಮಾನು ಹತ್ತೊಂಬತ್ತು. ಮಿಕ್ಕಿದ್ದನ್ನೆಲ್ಲ ಅಳಿಸಲು ಒಂದು ವಾರ ಹಿಡಿಯಿತು. ವೆಬ್‌ಸೈಟಿಗೆ ಬರುವವರೂ ಕಡಿಮೆಯಾದರು. ಮನೆ ನಡೆಯಬೇಕಲ್ಲ, ವಾಷಿಂಗ್ ಮೆಷಿನ್ ಸರ್ವಿಸ್ ಸೆಂಟರೊಂದರಲ್ಲಿ ಅರ್ಧ ದಿನದ ಕೆಲಸಕ್ಕೆ ಸೇರಿದ. ಬೆನ್ನು ನೋಯುತ್ತಿತ್ತು. ಹೊಸದಾಗಿ ಬರೆದದ್ದು ತಿಂಗಳಿಗೆ ಒಂದೇ ಒಂದು.

ಬೇಸಿಗೆ ಶುರುವಾದಾಗ ಒಂದು ಮಧ್ಯಾಹ್ನ ಚಿಕ್ಕಮ್ಮನ ಮನೆಗೆ ಹೋದ. ಬಾಗಿಲಾಚೆಯಿಂದಲೇ ಅವಳು, “ಬಾ, ತೆಗೆದೇ ಇದೆ” ಅಂದಳು. ಇವನಿನ್ನೂ ಬಾಯಿ ತೆರೆದಿರಲಿಲ್ಲ. ಹೆಜ್ಜೆಯ ಸದ್ದಿಗೇ ಗುರುತು ಹಿಡಿದಿದ್ದಳು. ಒಳಗೆ ಮೇಜಿನ ಮೇಲೆ ಹೊಸ ಟೇಬಲ್ ಫ್ಯಾನ್ ತಿರುಗುತ್ತಿತ್ತು.

“ಇದನ್ನ ಯಾವಾಗ ತಗೊಂಡೆ?”

“ಹೋದ ವಾರ. ಟೈಲರಮ್ಮ ಹೇಳಿದ್ಲು. ಅವಳ ಮನೇಲಿ ಎರಡು ವರ್ಷದಿಂದ ಓಡ್ತಿದೆ, ಸದ್ದಿಲ್ಲ. ನಾನೂ ಹೋಗಿ ಅದರ ಮುಂದೆ ಒಂದು ಗಂಟೆ ಕೂತು ನೋಡ್ದೆ.”

ತನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ ಎಂದು ಅವನ ನಾಲಿಗೆಯ ತುದಿಗೆ ಬಂತು. ಬದಲಿಗೆ ಬಗ್ಗಿ ಫ್ಯಾನಿನ ಸದ್ದಿಗೆ ಕಿವಿಗೊಟ್ಟ. ಚಿಕ್ಕಮ್ಮ ಅಡಿಗೆಮನೆಯಿಂದ ಟೀ ತಂದು ಅವನ ಮುಂದಿಟ್ಟಳು. ಫ್ಯಾನನ್ನು ಅವನ ಕಡೆ ಸ್ವಲ್ಪ ತಿರುಗಿಸಿ, “ಬಿಸಿಲಲ್ಲಿ ಬಂದಿದ್ದೀಯ, ಗಾಳಿಗೆ ಕೂತ್ಕೋ” ಅಂದಳು. ಆಮೇಲೆ ಇನ್ನೆರಡು ಲೋಟ ಕೈಯಲ್ಲಿ ಹಿಡಿದು, ಬಾಗಿಲು ಎಳೆದುಕೊಂಡು ಮೆಟ್ಟಿಲ ಕಡೆ ಹೋದಳು.